125 ಪಟ್ಟು ಜೂಮ್‌ಗೆ ಎಷ್ಟು ಕೊಡಬೇಕು?

ಅಂಗಡಿಗೆ ಹೋಗಿ ಸೂಪರ್‌ಜೂಮ್ ಕ್ಯಾಮೆರಾ ಕೇಳಿ ನೋಡಿ, ಮೊದಲು ಕಿವಿಗೆ ಬೀಳುವುದು ‘ಎಷ್ಟು ಎಕ್ಸ್’ ಎಂಬ ಲೆಕ್ಕ. ಕ್ಯಾನನ್ ಎಸ್‌ಎಕ್ಸ್70ಕ್ಕೆ 65, ನಿಕಾನ್ ಪಿ950ಕ್ಕೆ 83, ಪಿ1000ಕ್ಕೆ 125. ಸೋನಿ ಆರ್‌ಎಕ್ಸ್10 ಮಾರ್ಕ್ 4ಕ್ಕೆ ಬರೀ 25, ಆದರೆ ಬೆಲೆಯಲ್ಲಿ ಅದೇ ಎಲ್ಲಕ್ಕಿಂತ ಮೇಲೆ. ಅಮೆರಿಕದಲ್ಲಿ ಬಿಡುಗಡೆಯಾದಾಗ ಇವು ಕ್ರಮವಾಗಿ ಸುಮಾರು 550, 800, 1,000 ಮತ್ತು 1,700 ಡಾಲರ್ ಇದ್ದವು. ನಮ್ಮಲ್ಲಿ ರೂಪಾಯಿ ಬೆಲೆ ಅಂಗಡಿಯಿಂದ ಅಂಗಡಿಗೆ, ದಸರೆಯಿಂದ ಯುಗಾದಿಗೆ ಬದಲಾಗುತ್ತದೆ. ಸೋನಿಗೆ ನಿಕಾನ್ ಪಿ950ರ ಎರಡು ಪಟ್ಟು ಹಣ ಬೇಕು ಎಂದಿಟ್ಟುಕೊಂಡರೆ ಲೆಕ್ಕ ತಪ್ಪುವುದಿಲ್ಲ.

ನನಗೆ ಕ್ಯಾಮೆರಾ ಬೇಕಿದ್ದುದು ದರೋಜಿಗೆ. ಅಲ್ಲಿನ ಕರಡಿಧಾಮದಲ್ಲಿ ಬಂಡೆಗಳಿಗೆ ಬೆಲ್ಲ, ಜೇನು ಸವರಿ ಬರುತ್ತಾರೆ. ಮಧ್ಯಾಹ್ನ ಇಳಿದ ಮೇಲೆ ಕರಡಿಗಳು ಒಂದೊಂದೇ ಇಳಿದು ಬಂದು ನೆಕ್ಕುತ್ತವೆ. ನಾವು ನೋಡುವುದು ಆಚೆಯ ವೀಕ್ಷಣಾ ಗೋಪುರದಿಂದ. ಹತ್ತಿರ ಹೋಗುವಂತಿಲ್ಲ, ಕರಡಿಯೂ ನಮ್ಮ ಕಡೆ ಬರುವುದಿಲ್ಲ. ಇಂಥ ಕಡೆಗೆ ಎರಡು ಪಟ್ಟು ದುಡ್ಡು ಕೊಟ್ಟರೆ ಎರಡು ಪಟ್ಟು ಒಳ್ಳೆಯ ಚಿತ್ರ ಬರುತ್ತದೆಯೇ ಎಂಬುದೇ ನನ್ನ ಪ್ರಶ್ನೆಯಾಗಿತ್ತು.

ಉತ್ತರಕ್ಕೆ ಒಂದು ಸಣ್ಣ ಭಾಗಾಕಾರ ಸಾಕು. ಜಾಹೀರಾತಿನಲ್ಲಿ ಬರುವ 2000 ಎಂಎಂ, 3000 ಎಂಎಂ ಎಲ್ಲ ಹಳೆಯ ಫಿಲ್ಮ್ ಕ್ಯಾಮೆರಾಕ್ಕೆ ಸಮನಾದ ಅಂಕಿ. ಲೆನ್ಸ್ ಅಂಚಿನ ಮೇಲೆ ನಿಜವಾದ ಅಂಕಿ ಅಚ್ಚಾಗಿರುತ್ತದೆ. ಪಿ950ರಲ್ಲಿ ಅದು 357 ಎಂಎಂ, ಎಫ್ 6.5. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 55. ಪೂರ್ತಿ ಜೂಮ್ ಮಾಡಿದಾಗ ಬೆಳಕು ಒಳಗೆ ಬರುವ ಕಿಂಡಿಯ ಅಗಲ 55 ಮಿಲಿಮೀಟರ್ ಎಂದರ್ಥ. ಸೋನಿಯದು 220 ಎಂಎಂ, ಎಫ್ 4. ಭಾಗಿಸಿ: ಅಲ್ಲೂ 55! ಅಂದರೆ ದೂರದ ಆ ಒಂದು ಕರಡಿಯಿಂದ ಎರಡೂ ಕ್ಯಾಮೆರಾ ಹೊತ್ತು ತರುವ ಬೆಳಕು ಹೆಚ್ಚುಕಡಿಮೆ ಒಂದೇ. ಸೋನಿಯ ಸೆನ್ಸರ್ ನಾಲ್ಕು ಪಟ್ಟು ದೊಡ್ಡದು, ನಿಜ. ಆದರೆ 600 ಎಂಎಂಗೆ ಅದರ ಜೂಮ್ ಮುಗಿಯುತ್ತದೆ, ಕರಡಿ ಚೌಕಟ್ಟಿನ ಮಧ್ಯೆ ಚುಕ್ಕಿಯಾಗಿ ಕೂರುತ್ತದೆ. ನಿಕಾನ್ ತೋರಿಸುವಷ್ಟು ಹತ್ತಿರ ಕಾಣಲೆಂದು ಸುತ್ತ ಕತ್ತರಿಸಿದರೆ ಎರಡು ಕೋಟಿ ಪಿಕ್ಸೆಲ್‌ನಲ್ಲಿ ಉಳಿಯುವುದು 18 ಲಕ್ಷ. ಪಿ950 ಅಷ್ಟೇ ಜಾಗಕ್ಕೆ 1.6 ಕೋಟಿ ಕೊಡುತ್ತದೆ. ಅದನ್ನೇ ಕೊಂಡೆ.

ಬಂಡೀಪುರ, ಕಬಿನಿಯ ಜೀಪಿನಲ್ಲಿ ಈ ತೀರ್ಪು ತಿರುವುಮುರುವಾಗುತ್ತದೆ. ಅಲ್ಲಿ ಪ್ರಾಣಿ ರಸ್ತೆ ಪಕ್ಕದಲ್ಲೇ ಸಿಗುವುದುಂಟು, ಸಿಗುವುದು ನಸುಕಿನಲ್ಲಿ ಅಥವಾ ಮುಸ್ಸಂಜೆಯಲ್ಲಿ. 600 ಎಂಎಂ ಸಾಕಾಗುವಷ್ಟು ಹತ್ತಿರವಿದ್ದರೆ ಸೋನಿಯ ದೊಡ್ಡ ಸೆನ್ಸರ್, ಸೆಕೆಂಡಿಗೆ 24 ಚಿತ್ರದ ಓಟ, ಚುರುಕಾದ ಫೋಕಸ್ ಮೂರೂ ಕೆಲಸಕ್ಕೆ ಬರುತ್ತವೆ. ನಿಕಾನ್ ಆ ಮಬ್ಬಿನಲ್ಲಿ ತಡವರಿಸುತ್ತದೆ. ದುಬಾರಿ ಕ್ಯಾಮೆರಾ ಹತ್ತಿರದ ಪ್ರಾಣಿಗೆ, ಅಗ್ಗದ್ದು ದೂರದ್ದಕ್ಕೆ! ಅಂಗಡಿಯವರು ಹೇಳುವುದು ಇದಕ್ಕೆ ತದ್ವಿರುದ್ಧ.

ಹಾಗಾದರೆ ಪಿ1000 ಯಾಕೆ ಬೇಡ? ಅದರ ಕಿಂಡಿ 67 ಮಿಲಿಮೀಟರ್, ಬೆಳಕು ಪಿ950ರ ಒಂದೂವರೆ ಪಟ್ಟು. ತೂಕ 1,415 ಗ್ರಾಂ. ಕೈಯಲ್ಲಿ ಹಿಡಿದು 3000 ಎಂಎಂನಲ್ಲಿ ಕರಡಿಯನ್ನು ಹುಡುಕುವುದೇ ಕಷ್ಟ, ಗಟ್ಟಿ ಟ್ರೈಪಾಡ್‌ಗೆ ಮತ್ತೆ ದುಡ್ಡು ಸುರಿಯಬೇಕು. ಜೊತೆಗೆ ಬಳ್ಳಾರಿ ಸೀಮೆಯ ಬಿಸಿಲು. ಕಾದ ಬಂಡೆಯ ಮೇಲೆ ಗಾಳಿ ಕುದಿಯುವ ಹೊತ್ತಿನಲ್ಲಿ ಹೆಚ್ಚುವರಿ ಸಾವಿರ ಎಂಎಂ ದೊಡ್ಡದು ಮಾಡುವುದು ಆ ಕುದಿತವನ್ನೇ. ಚಂದ್ರನ ಹುಚ್ಚಿದ್ದವರು ಧಾರಾಳವಾಗಿ ಕೊಳ್ಳಲಿ. 3000 ಎಂಎಂನಲ್ಲಿ ಹುಣ್ಣಿಮೆಯ ಚಂದ್ರ ಚೌಕಟ್ಟಿನ ಅಂಚು ಮುಟ್ಟುತ್ತಾನೆ. 2025ರಲ್ಲಿ ಬಂದ ಪಿ1100ದ ಲೆನ್ಸ್ ಕೂಡ ಅದೇ 125 ಎಕ್ಸ್, ಹೊಸದೆಂಬ ಕಾರಣಕ್ಕೆ ಹೆಚ್ಚು ಕೊಡಬೇಡಿ. ಕ್ಯಾನನ್‌ನ ಕಿಂಡಿ 38 ಮಿಲಿಮೀಟರ್, ಬೆಳಕು ಪಿ950ರ ಅರ್ಧ. ಆದರೆ 610 ಗ್ರಾಂ ಮಾತ್ರ. ಕೆರೆ ದಂಡೆಯಲ್ಲಿ ನಡೆದಾಡುತ್ತ ಹಕ್ಕಿ ನೋಡುವ ಹಿರಿಯರಿಗೆ ನಾನು ಅದನ್ನೇ ಹೇಳುತ್ತೇನೆ.

ಬೆಲೆಪಟ್ಟಿಯಲ್ಲಿ ಕಾಣದ ಖರ್ಚುಗಳೂ ಇವೆ. ‘ನೋ ಕಾಸ್ಟ್’ ಇಎಂಐ ಎಂದರೂ ಬ್ಯಾಂಕು ಲೆಕ್ಕ ಹಾಕುವ ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿ ನಿಮ್ಮ ತಲೆಗೇ ಬರುತ್ತದೆ, ಪ್ರೊಸೆಸಿಂಗ್ ಶುಲ್ಕ ಬೇರೆ. ಒಂದೇ ಸಲ ಕೊಟ್ಟರೆ ಎಷ್ಟು ಇಳಿಸುತ್ತೀರಿ ಎಂದು ಮೊದಲು ಕೇಳಿ. ಈ ಕ್ಯಾಮೆರಾಗಳ ಲೆನ್ಸ್ ಬಿಚ್ಚಿ ಬದಲಿಸುವಂಥದ್ದಲ್ಲ. ಒಳಗೆ ದೂಳು ಕೂತರೆ, ಮೋಟಾರು ಕೈಕೊಟ್ಟರೆ ಇಡೀ ಕ್ಯಾಮೆರಾ ಸರ್ವೀಸ್ ಸೆಂಟರ್ ಸೇರಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬಿಳಿ ಗೋಡೆಯನ್ನೋ ಬರೀ ಆಕಾಶವನ್ನೋ ಪೂರ್ತಿ ಜೂಮ್‌ನಲ್ಲಿ ತೆಗೆದು ಕಪ್ಪು ಚುಕ್ಕಿ ಇದೆಯೇ ನೋಡಿಕೊಳ್ಳಿ. ವಿದೇಶದಿಂದ ನೆಂಟರ ಕೈಲಿ ತರಿಸುವುದಾದರೆ ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದು ತಯಾರಕರನ್ನೇ ಕೇಳಿ, ಅಂಗಡಿಯವರ ಬಾಯಿಮಾತು ಬೇಡ.

ಕ್ಯಾಮೆರಾ ಮೇಲಿನ ಜಿಎಸ್‌ಟಿ 2019ರ ಜನವರಿಯಲ್ಲೇ ಶೇ 28ರಿಂದ 18ಕ್ಕೆ ಇಳಿದಿದೆ. ‘ಬಿಲ್ ಬೇಡವಾದರೆ ಕಡಿಮೆ ಮಾಡಿಕೊಡುತ್ತೇನೆ’ ಎನ್ನುವವರ ಹತ್ತಿರ ಕೊಳ್ಳಬೇಡಿ. ಸೀರಿಯಲ್ ನಂಬರ್ ಬರೆಸಿ ಬಿಲ್ ಪಡೆಯಿರಿ, ವಾರಂಟಿ ಕೇಳಲು ಹೋದಾಗ ಕೈಯಲ್ಲಿರಬೇಕಾದ ಕಾಗದ ಅದೇ.