ಜನ ಹೆಚ್ಚಿದಂತೆ ಆಳಕ್ಕಿಳಿದ ನೀರು

ಜನಸಂಖ್ಯೆ ಎಂದೊಡನೆ ನಮ್ಮ ಮನಸ್ಸು ಹುಟ್ಟಿದ ಮಕ್ಕಳ ಲೆಕ್ಕಕ್ಕೆ ಹೋಗುತ್ತದೆ. ಪರಿಸರ ಎಂದೊಡನೆ ಕಾಡು, ಪ್ರಾಣಿ, ಪಕ್ಷಿಗಳ ಕಡೆಗೆ ಹೊರಳುತ್ತದೆ. ಇವೆರಡೂ ಒಂದುಗೂಡುವ ಸ್ಥಳ ನಮ್ಮ ಅಡುಗೆಮನೆಯ ನೀರಿನ ಕೊಡ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಭಾಗದ ಭಕ್ತರ ಆರೋಗ್ಯಕ್ಕೆ ನೇರವಾಗಿ ಸಂಬಂಧಿಸಿದ ಈ ಸಂಗತಿಯನ್ನು ಈ ಸಂಚಿಕೆಯಲ್ಲಿ ವಿಚಾರಿಸೋಣ.

ಅಂದಿನ ವಿಜಾಪುರ ಜಿಲ್ಲೆಯಿಂದ ಬೇರ್ಪಟ್ಟು 1997ರಲ್ಲಿ ಬಾಗಲಕೋಟೆ ಜಿಲ್ಲೆ ರಚನೆಯಾಯಿತು. 2001ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ ಸುಮಾರು 16.5 ಲಕ್ಷ, 2011ರಲ್ಲಿ ಸುಮಾರು 18.9 ಲಕ್ಷ. ಹತ್ತು ವರ್ಷಗಳಲ್ಲಿ ಹೆಚ್ಚಿದವರು 2.4 ಲಕ್ಷ ಜನ. ಜಲಜೀವನ ಮಿಷನ್ ಯೋಜನೆಯು ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರೆಂದು ಅಳತೆಯಿಟ್ಟಿದೆ. ಆ ಪ್ರಕಾರ, ಹೆಚ್ಚಿದ ಜನರಿಗಷ್ಟೇ ದಿನವೊಂದಕ್ಕೆ 1 ಕೋಟಿ 30 ಲಕ್ಷ ಲೀಟರಿಗೂ ಮಿಕ್ಕಿ ನೀರು ಬೇಕು. ಬೀಳುವ ಮಳೆಯಾದರೋ ವರ್ಷಕ್ಕೆ ಸರಾಸರಿ 600 ಮಿಲಿಮೀಟರಿಗೂ ಕಡಿಮೆ.

ಇಂಥ ಒಣ ಸೀಮೆಯಲ್ಲಿ ನಮ್ಮ ಹಿರಿಯರು ಬಿದ್ದ ಮಳೆಯನ್ನೂ ನೆಲದ ಮೇಲ್ಪದರದ ಒರತೆಯನ್ನೂ ಕಾಪಾಡಿಕೊಂಡು ಬದುಕಿದರು. ಬಾದಾಮಿಯ ಅಗಸ್ತ್ಯ ತೀರ್ಥ, ಮಹಾಕೂಟದ ಪುಷ್ಕರಣಿ, ಬನಶಂಕರಿಯ ಹೊಂಡ, ಊರೂರಿನ ಕೆರೆ ಮತ್ತು ತೆರೆದ ಬಾವಿಗಳು ಅದಕ್ಕೆ ಸಾಕ್ಷಿ. ಜನ ಹೆಚ್ಚಿದಂತೆ, ಹೊಲಗಳಿಗೆ ಪಂಪ್‌ಸೆಟ್ ಬಂದಂತೆ, ಆ ನೀರು ಸಾಲದಾಯಿತು. ಕೆರೆಗಳಲ್ಲಿ ಹೂಳು ತುಂಬಿತು, ಬಾವಿಗಳು ಬತ್ತಿದವು. ಆಗ ಕೊಳವೆಬಾವಿಗಳು ಬಂದು, ವರ್ಷ ವರ್ಷಕ್ಕೂ ಆಳಕ್ಕಿಳಿದವು.

ಆಳಕ್ಕಿಳಿದಾಗ ನೀರಿನ ಗುಣವೂ ಬದಲಾಗುತ್ತದೆ. ಬಾದಾಮಿಯ ಬೆಟ್ಟಗಳು ಮರಳುಗಲ್ಲಿನವು. ಹುನಗುಂದ-ಇಳಕಲ್ ಭಾಗದ ನೆಲ ಬಹುಮಟ್ಟಿಗೆ ಗ್ರಾನೈಟ್ ಜಾತಿಯ ಶಿಲೆಯದು. ಇಳಕಲ್ಲಿನ ಕೆಂಪು ಗ್ರಾನೈಟ್ ದೇಶವಿದೇಶಗಳಲ್ಲಿ ಹೆಸರಾಗಿದೆ. ಇಂಥ ಶಿಲೆಯ ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿನಲ್ಲಿ ಅದು ನಿಧಾನವಾಗಿ ಕರಗುತ್ತದೆ. ಮೇಲಿನಿಂದ ಮಳೆನೀರು ಇಂಗದೆ, ಕೆಳಗಿನಿಂದ ಎತ್ತುವುದು ಮಾತ್ರ ನಡೆದರೆ ಅದರ ಪ್ರಮಾಣ ಏರುತ್ತದೆ. ಹುನಗುಂದ, ಇಳಕಲ್ ಭಾಗದ ಹಲವು ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಮಿತಿ ಮೀರಿರುವುದು ಪರೀಕ್ಷೆಗಳಲ್ಲಿ ಕಂಡಿದೆ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ 1 ಮಿಲಿಗ್ರಾಮಿನೊಳಗೆ ಫ್ಲೋರೈಡ್ ಇದ್ದರೆ ಒಳ್ಳೆಯದು. ಬೇರೆ ನೀರಿಲ್ಲದಿದ್ದರೂ 1.5 ಮಿಲಿಗ್ರಾಮ್ ದಾಟಬಾರದು.

ಈ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಇದರ ಮೊದಲ ಪೆಟ್ಟು ಮಕ್ಕಳಿಗೆ. ಹುಟ್ಟಿನಿಂದ ಎಂಟು ವರ್ಷದವರೆಗೆ, ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುವ ಕಾಲದಲ್ಲಿ, ಹೆಚ್ಚು ಫ್ಲೋರೈಡ್ ಸೇರಿದರೆ ಹಲ್ಲಿನ ಮೇಲೆ ಸುಣ್ಣ ಬಳಿದಂಥ ಮಚ್ಚೆಗಳೂ ಮುಂದೆ ಕಂದು ಗೆರೆಗಳೂ ಮೂಡುತ್ತವೆ. ಎಷ್ಟು ಉಜ್ಜಿದರೂ ಅವು ಹೋಗವು. ಇಂಥ ನೀರನ್ನು ಹಲವು ವರ್ಷ ಕುಡಿದ ಹಿರಿಯರಲ್ಲಿ ಕೊರಳು, ಬೆನ್ನು, ಮೊಣಕಾಲುಗಳು ಬಿಗಿಯುತ್ತವೆ. ಇದನ್ನು ವಯಸ್ಸಿನ ನೋವೆಂದು ಬಗೆದು ಸುಮ್ಮನಿರುವವರೇ ಹೆಚ್ಚು. ಎಲುಬಿಗೆ ಒಮ್ಮೆ ಆದ ಹಾನಿಯನ್ನು ಪೂರ್ಣ ಸರಿಪಡಿಸುವ ಔಷಧಿಯಿಲ್ಲ, ತಡೆಯುವುದೇ ದಾರಿ.

ಜನಸಂಖ್ಯೆಯ ಬದಲಾವಣೆಯೆಂದರೆ ಜನನವಷ್ಟೇ ಅಲ್ಲ, ಜನರ ಸ್ಥಳಾಂತರವೂ ಹೌದು. ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ಹಳೆಯ ಬಾಗಲಕೋಟೆಯ ಬಹುಭಾಗವೂ ಅನೇಕ ಹಳ್ಳಿಗಳೂ ಮುಳುಗಡೆಯಾದವು. ನವನಗರವೂ ಪುನರ್ವಸತಿ ಕೇಂದ್ರಗಳೂ ಎದ್ದವು. ಹೊಳೆದಂಡೆಯಲ್ಲಿದ್ದಾಗ ಕೊಡ ಮುಳುಗಿಸಿ ತರುತ್ತಿದ್ದ ನೀರು, ಎತ್ತರದ ನೆಲಕ್ಕೆ ಹೋದ ಮೇಲೆ ಪೈಪಿನಲ್ಲಿ ಇಲ್ಲವೇ ಕೊಳವೆಬಾವಿಯಲ್ಲಿ ಬರಬೇಕಾಯಿತು. ಇತ್ತ ಬಾದಾಮಿ, ಹುನಗುಂದ ಭಾಗಗಳಿಂದ ಸಾವಿರಾರು ಜನ ದುಡಿಮೆಗಾಗಿ ಗೋವಾ, ಮಂಗಳೂರು, ಬೆಂಗಳೂರುಗಳಿಗೆ ಗುಳೆ ಹೋಗುತ್ತಾರೆ. ಕೆರೆಯ ಹೂಳೆತ್ತಬೇಕಾದ ಬೇಸಿಗೆಯಲ್ಲಿ ಊರಿನಲ್ಲಿ ದುಡಿಯುವ ಕೈಗಳೇ ಕಡಿಮೆ.

ಹಾಗೆಂದು ಹೆಚ್ಚು ಮಕ್ಕಳನ್ನು ಹೆತ್ತ ತಾಯಂದಿರ ಮೇಲೆ ದೋಷ ಹೊರಿಸುವುದು ನ್ಯಾಯವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಸ್ಥಿರವಾಗಿರಲು ಬೇಕಾದ 2.1ಕ್ಕಿಂತ ಇದು ಕಡಿಮೆ. ಹೆಣ್ಣುಮಕ್ಕಳನ್ನು ಓದಿಸಿ, 18 ತುಂಬುವ ಮೊದಲು ಮದುವೆ ಮಾಡದಿದ್ದರೆ ತಾಯಿಮಕ್ಕಳ ಆರೋಗ್ಯ ಇನ್ನೂ ಸುಧಾರಿಸುತ್ತದೆ. ಜನನ ತಗ್ಗಿದರೂ ಒಡೆದ ಕುಟುಂಬಗಳಿಂದ ಮನೆಗಳು ಹೆಚ್ಚುತ್ತಿವೆ; ತಲೆಗೊಂದರಂತೆ ನೀರಿನ ಬಳಕೆಯೂ ಏರುತ್ತಿದೆ. ಆದ್ದರಿಂದ ನಮ್ಮ ಗಮನ ನೀರಿನ ಕಡೆಗೆ ತಿರುಗಬೇಕು.

ಮೊದಲನೆಯದಾಗಿ, ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಬೇಕು. ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿದರೆ ಇದಕ್ಕೆ ದಾರಿ ದೊರೆಯುತ್ತದೆ. ಎರಡನೆಯದಾಗಿ, ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಕುಡಿಯಲಿಕ್ಕೂ ಅಡುಗೆಗೂ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೋ ಸಂಸ್ಕರಿಸಿದ ಹೊಳೆಯ ನೀರನ್ನೋ ಬಳಸಬೇಕು. ಘಟಕವು ಹೊರಬಿಡುವ ನೀರನ್ನು ಬಾವಿಗೆ ಮರಳಿ ಬಿಡಬಾರದು. ಮೂರನೆಯದಾಗಿ, ಹಾಲು, ಮೊಸರು, ನುಗ್ಗೆಸೊಪ್ಪು, ನೆಲ್ಲಿಕಾಯಿ, ನಿಂಬೆ ಮಕ್ಕಳ ಊಟದಲ್ಲಿರಲಿ. ಕರಿ ಚಹಾ ಬೇಡ.

ನಾಲ್ಕನೆಯದು ಮಳೆನೀರು. 100 ಚದರ ಮೀಟರ್ ಮಾಳಿಗೆಯ ಮೇಲೆ 500 ಮಿಲಿಮೀಟರ್ ಮಳೆ ಬಿದ್ದರೆ 50 ಸಾವಿರ ಲೀಟರ್ ನೀರು. ಐದನೆಯ ಒಂದು ಪಾಲು ಪೋಲಾದರೂ 40 ಸಾವಿರ ಲೀಟರ್ ಉಳಿಯುತ್ತದೆ. ಐವರ ಕುಟುಂಬಕ್ಕೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರಿನಂತೆ ವರ್ಷಕ್ಕೆ ಬೇಕಾದುದು 9 ಸಾವಿರ ಲೀಟರಿಗಿಂತ ತುಸು ಹೆಚ್ಚು. ಮೊದಲ ಮಳೆಯನ್ನು ಹೊರಗೆ ಬಿಟ್ಟು, ಉಳಿದುದನ್ನು ಸೋಸಿ ಮುಚ್ಚಿದ ತೊಟ್ಟಿಯಲ್ಲಿ ಸಂಗ್ರಹಿಸಿದರೆ ಫ್ಲೋರೈಡಿನ ಭಯವಿಲ್ಲ. ಇದನ್ನು ಕಾಯಿಸಿ ಆರಿಸಿ ಕುಡಿಯಬಹುದು. ಮಿಕ್ಕಿದ ನೀರನ್ನು ಇಂಗುಗುಂಡಿಗೆ ಬಿಟ್ಟರೆ ಅಂತರ್ಜಲವೂ ತಿಳಿಯಾದೀತು.

ಬರುವ ಮಳೆಗಾಲಕ್ಕೆ ಮುನ್ನ ಭಕ್ತರೆಲ್ಲರೂ ತಮ್ಮ ಮನೆಯ, ಓಣಿಯ, ಶಾಲೆಯ ನೀರನ್ನು ಪರೀಕ್ಷಿಸಿಕೊಳ್ಳಬೇಕೆಂದು ಕೋರುತ್ತೇವೆ. ಎಂಟು ವರ್ಷದೊಳಗಿನ ಮಕ್ಕಳಿರುವ ಮನೆಗಳಲ್ಲಿ ಈ ಕೆಲಸ ಮೊದಲು ಆಗಲಿ.