ಮನೆಯಲ್ಲಿ ಬೆಂದ ಬ್ರೆಡ್ಡು

ನಮ್ಮ ಮನೆಗಳಲ್ಲಿ ಬ್ರೆಡ್ಡಿಗೆ ಊಟದ ಎಲೆಯ ಮೇಲೆ ಸ್ಥಾನವಿಲ್ಲ. ಅದರ ಸ್ಥಾನ ಕಾಯಿಲೆಯವರ ಹಾಸಿಗೆಯ ಪಕ್ಕದಲ್ಲಿ. ಜ್ವರ ಬಿಟ್ಟವರಿಗೆ ಹಾಲು-ಬ್ರೆಡ್ಡು ಕೊಡುವುದು ಹಳೆಯ ಪದ್ಧತಿ. ಹೋದ ಮಳೆಗಾಲದಲ್ಲಿ ಓಕಳಿಪುರಂನ ನಮ್ಮ ಮನೆಯಲ್ಲಿ ಅಜ್ಜಿಗೆ ಜ್ವರ ಬಂದು ಬಿಟ್ಟಾಗ ವೈದ್ಯರು ಹೇಳಿದ್ದೂ ಇದನ್ನೇ. ಬೀದಿಯ ಕೊನೆಯ ಬೇಕರಿಯಿಂದ ನಾನು ಬ್ರೆಡ್ಡು ತಂದೆ. ಅಜ್ಜಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, “ಇದರೊಳಗೆ ಏನೇನು ಹಾಕಿರ್ತಾರೋ ನಾನು ಕಾಣೆ. ಕಾಣದ್ದು ನನಗೆ ಗಂಟಲಲ್ಲಿ ಇಳಿಯೋದಿಲ್ಲ ಕಣೋ” ಎಂದರು. ಎರಡು ದಿನದಿಂದ ಗಂಜಿಯೂ ಸೇರದೆ ಸೊರಗಿದ್ದವರನ್ನು ಒತ್ತಾಯಿಸುವ ಧೈರ್ಯ ಯಾರಿಗೂ ಬರಲಿಲ್ಲ. ಹಾಗಾದರೆ ಮನೆಯಲ್ಲಿಯೇ ಮಾಡೋಣವೆಂದು ನಾನು ಹೊರಟೆ. ಆ ಪ್ರಯೋಗದಿಂದ ಕಲಿತದ್ದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಬೇಕಾದ ಸಾಮಾನುಗಳು ಆರೇ ಆರು: ಮೈದಾ, ನೀರು, ಯೀಸ್ಟ್, ಸಕ್ಕರೆ, ಉಪ್ಪು, ಎಣ್ಣೆ. ಯೀಸ್ಟ್ ಎಂಬುದು ಒಂದೇ ಜೀವಕೋಶದ ಶಿಲೀಂಧ್ರ. ಅದು ಸಕ್ಕರೆಯನ್ನು ತಿಂದು ಇಂಗಾಲಾಮ್ಲ ಅನಿಲವನ್ನೂ ತುಸು ಮದ್ಯಸಾರವನ್ನೂ ಹೊರಬಿಡುತ್ತದೆ. ಹುದುಗು ಬರುವುದು ಜೀವಿಗಳ ಕೆಲಸವೆಂದು ಫ್ರಾನ್ಸಿನ ಲೂಯಿ ಪಾಶ್ಚರ್ 1850ರ ದಶಕದಲ್ಲಿ ತೋರಿಸಿಕೊಟ್ಟನು. ನಮ್ಮ ಇಡ್ಲಿ ಹಿಟ್ಟು ರಾತ್ರಿ ಕಳೆಯುವುದರೊಳಗೆ ಉಕ್ಕುವುದೂ ಇಂಥದೇ ಕ್ರಿಯೆ. ಅಲ್ಲಿ ಮುಖ್ಯವಾಗಿ ದುಡಿಯುವವು ಬ್ಯಾಕ್ಟೀರಿಯಗಳು.

ಆದರೆ ಅನಿಲ ಹುಟ್ಟಿದರೆ ಸಾಲದು, ಅದನ್ನು ಹಿಡಿದಿಡುವ ಬಲೆಯೂ ಬೇಕು. ಗೋಧಿಯಲ್ಲಿರುವ ಗ್ಲೈಯಾಡಿನ್, ಗ್ಲೂಟೆನಿನ್ ಎಂಬ ಸಸಾರಜನಕಗಳು ನೀರಿನೊಡನೆ ಸೇರಿ, ನಾದಿದಷ್ಟೂ ಹೆಣೆದುಕೊಂಡು, ರಬ್ಬರಿನಂತೆ ಎಳೆಯಬಹುದಾದ ಗ್ಲೂಟೆನ್ ಆಗುತ್ತವೆ. ರಾಗಿ, ಜೋಳ, ಅಕ್ಕಿಗಳಲ್ಲಿ ಇಂಥ ಬಲೆ ಕಟ್ಟುವ ಗುಣವಿಲ್ಲ. ನಮ್ಮ ನಾಡಿನ ರೊಟ್ಟಿಗಳು ತಟ್ಟಿದ ರೊಟ್ಟಿಗಳಾಗಿರುವುದಕ್ಕೆ ಧಾನ್ಯದ ಗುಣವೇ ಕಾರಣವೆಂದು ನನಗೆ ಹೊಳೆದದ್ದು ಆಗಲೇ.

ಇಷ್ಟೆಲ್ಲ ಓದಿಕೊಂಡು ಕುಳಿತವನ ಮೊದಲ ಬ್ರೆಡ್ಡು ಕಲ್ಲಾಯಿತು. ಕಾರಣ, ಕುದಿಯುವ ನೀರಿಗೆ ಯೀಸ್ಟ್ ಹಾಕಿದ್ದೆ. ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಅದು ಸಾಯುತ್ತದೆ. ಎರಡನೆಯ ಸಲ ಉಗುರುಬೆಚ್ಚಗಿನ ನೀರನ್ನೇ ಬಳಸಿದೆನಾದರೂ ಎರಡು ನಿಮಿಷ ನಾದಿ, ಗಡಿಯಾರ ನೋಡಿ ಒಂದು ಗಂಟೆಗೆ ಸರಿಯಾಗಿ ಬೇಯಲಿಟ್ಟೆ. ಮಳೆಯ ಥಂಡಿಗೆ ಹಿಟ್ಟು ಅರ್ಧವೂ ಉಬ್ಬಿರಲಿಲ್ಲ. ಅಮ್ಮ ನಕ್ಕು, “ಇಡ್ಲಿ ಹಿಟ್ಟು ಉಕ್ಕಿತೋ ಇಲ್ಲವೋ ಅಂತ ನಾನು ಗಡಿಯಾರ ನೋಡ್ತೀನೇನೋ? ಪಾತ್ರೆ ನೋಡ್ತೀನಿ” ಎಂದರು. ಪುಸ್ತಕದಿಂದ ನಾನು ಹಿಡಿಯಲಾರದೆ ಹೋದದ್ದು ಆ ಒಂದು ಮಾತಿನಲ್ಲಿತ್ತು.

ಮೂರನೆಯ ಸಲದ ಕ್ರಮ ಹೀಗಿತ್ತು. 250 ಗ್ರಾಂ ಮೈದಾ, 150 ಮಿಲಿಲೀಟರ್ ಉಗುರುಬೆಚ್ಚಗಿನ ನೀರು, ಒಂದು ಚಮಚ ಒಣ ಯೀಸ್ಟ್, ಒಂದು ಚಮಚ ಸಕ್ಕರೆ, ಮುಕ್ಕಾಲು ಚಮಚ ಉಪ್ಪು, ಎರಡು ಚಮಚ ಎಣ್ಣೆ. ನೀರಿಗೆ ಸಕ್ಕರೆ, ಯೀಸ್ಟ್ ಹಾಕಿ ನೊರೆ ಬರುವವರೆಗೆ ಬಿಟ್ಟು, ಉಳಿದದ್ದನ್ನು ಸೇರಿಸಿ ಹತ್ತು-ಹನ್ನೆರಡು ನಿಮಿಷ ಚೆನ್ನಾಗಿ ನಾದಿದೆ. ಒದ್ದೆ ಬಟ್ಟೆ ಮುಚ್ಚಿ, ಹಿಟ್ಟು ಎರಡರಷ್ಟಾಗುವವರೆಗೆ ಕಾದೆ. ಅನಿಲ ಹೋಗುವಂತೆ ಅದುಮಿ, ಎಣ್ಣೆ ಸವರಿದ ತಗಡಿನ ಅಚ್ಚಿನಲ್ಲಿಟ್ಟು ಮತ್ತೊಮ್ಮೆ ಉಬ್ಬಲು ಬಿಟ್ಟೆ. ನಮ್ಮಲ್ಲಿ ಒಲೆಪೆಟ್ಟಿಗೆಯಿಲ್ಲ. ದಪ್ಪ ತಳದ ಹಳೆಯ ಪಾತ್ರೆಗೆ ಮರಳು ಹರಡಿ, ಮೇಲೊಂದು ಸ್ಟ್ಯಾಂಡು ಇಟ್ಟು, ಹತ್ತು ನಿಮಿಷ ಕಾಯಿಸಿ, ಅದರ ಮೇಲೆ ಅಚ್ಚನ್ನು ಇಟ್ಟು, ಭದ್ರವಾಗಿ ಮುಚ್ಚಿ ಮುಕ್ಕಾಲು ಗಂಟೆ ಬೇಯಿಸಿದೆ. ತಳವನ್ನು ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರಬೇಕು, ಬಂತು. ಮೇಲ್ಭಾಗ ಬೆಳ್ಳಗೇ ಉಳಿದಿತ್ತು, ಒಂದು ಕಡೆ ವಾಲಿಯೂ ಇತ್ತು.

ಅಜ್ಜಿ ಒಂದೊಂದಾಗಿ ಸಾಮಾನುಗಳ ಹೆಸರು ಹೇಳಿಸಿದರು. ಯೀಸ್ಟ್ ಎಂದಾಗ ಹುಬ್ಬು ಗಂಟಿಕ್ಕಿದರು. ಇಡ್ಲಿಯ ಹುದುಗಿನಂತೆಯೇ ಎಂದು ವಿವರಿಸಿದ ಮೇಲೆ, ಹಾಲಿನಲ್ಲಿ ನೆನೆಸಿ ಎರಡು ಹೋಳು ತಿಂದರು. ಬ್ರೆಡ್ಡಿನಿಂದ ಅವರು ಗುಣವಾದರೆಂದು ನಾನು ಹೇಳುವುದಿಲ್ಲ. ಅಂದು ಅವರ ಹೊಟ್ಟೆಗೆ ಏನಾದರೂ ಹೋಯಿತೆಂಬುದೇ ನಮಗೆ ದೊಡ್ಡ ಸಮಾಧಾನ.

ಅಜ್ಜಿಯ ಸಂಶಯವನ್ನು ಹಳೆಯ ಕಾಲದವರ ಹಟವೆಂದು ತಳ್ಳಿಹಾಕುವಂತಿಲ್ಲ. 1961ರಲ್ಲಿ ಇಂಗ್ಲೆಂಡಿನ ಚೋರ್ಲಿವುಡ್ಡಿನಲ್ಲಿ, ಯಂತ್ರದಿಂದ ಬಿರುಸಾಗಿ ಕಲಸಿ ಹುದುಗಿನ ಕಾಲವನ್ನು ಬಹಳವಾಗಿ ಮೊಟಕುಗೊಳಿಸುವ ವಿಧಾನ ಬಂದಿತು. ಹಿಟ್ಟಿಗೆ ಬಲ ಕೊಡಲೆಂದು ಬೆರೆಸುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟನ್ನು, ಅದು ಕ್ಯಾನ್ಸರಿಗೆ ಕಾರಣವಾಗಬಹುದೆಂಬ ಶಂಕೆಯಿಂದ ನಮ್ಮ ದೇಶದಲ್ಲಿ ನಿಷೇಧಿಸಿದ್ದು 2016ರಲ್ಲಿ. ಆದರೆ ಅಂಗಡಿಯದೆಲ್ಲ ಕೆಟ್ಟದ್ದೆಂಬ ಮಾತೂ ಸಲ್ಲದು. 1898ರಲ್ಲಿ ಹಾಸನದ ಕಡೆಯ ತಿರುಮಲಾಚಾರ್ಯರು ಚಿಕ್ಕಪೇಟೆಯಲ್ಲಿ ಬೆಂಗಳೂರು ಬ್ರದರ್ಸ್ ಬೇಕರಿಯನ್ನು ತೆರೆದರು. ಅಲ್ಲಿಂದ ಬೆಳೆದ ಅಯ್ಯಂಗಾರ್ ಬೇಕರಿಗಳು ಸಸ್ಯಾಹಾರಿಗಳ ವಿಶ್ವಾಸ ಗಳಿಸಿದ್ದು ಮೊಟ್ಟೆಯಿಲ್ಲದ ತಿನಿಸುಗಳಿಂದ, ಎಂದರೆ ಒಳಗೇನಿದೆಯೆಂಬ ಭರವಸೆಯಿಂದ.

ಅಜ್ಜಿ ಚೇತರಿಸಿಕೊಂಡ ಮೇಲೆ, “ದಿನಾ ಇದೇ ಕೆಲಸವಾದರೆ ನಿನ್ನ ಓದು ಕೆಡುತ್ತೆ. ಆ ಬೇಕರಿಯವನನ್ನೇ ಕೇಳಿಕೊಂಡು ಬಾ, ಏನು ಹಾಕ್ತಾನೆ ಅಂತ” ಎಂದರು. ಹೋಗಿ ಕೇಳಿದೆ. ಆತ ಬೇಸರಿಸದೆ ಒಳಗೆ ಕರೆದು ತೋರಿಸಿದ. ನನ್ನ ಆರು ಸಾಮಾನುಗಳೇ ಅಲ್ಲಿಯೂ ಇದ್ದವು. ಇಷ್ಟು ವರ್ಷ ಆ ಬಾಗಿಲಿನ ಮುಂದೆ ಓಡಾಡಿಯೂ ನಾವು ಯಾರೂ ಕೇಳಿರಲಿಲ್ಲ, ಅಷ್ಟೆ. ಈಗ ಅಜ್ಜಿ ಆ ಬ್ರೆಡ್ಡನ್ನೂ ತಿನ್ನುತ್ತಾರೆ. ಭಾನುವಾರ ಮಾತ್ರ ನನ್ನ ವಾಲಿದ ಬ್ರೆಡ್ಡೇ ಆಗಬೇಕು.