ಗರ್ಭಜಲ ಪರೀಕ್ಷೆಯ ವಿಷಯವಾದ ಪಾಠ

ನಲ್ಲೂರಿನಂಥ ಗ್ರಾಮದಿಂದ ಪಟ್ಟಣದ ಆಸ್ಪತ್ರೆಗೆ ಹೋದ ಗರ್ಭಿಣಿಗೆ, ಗರ್ಭಜಲವನ್ನು ತೆಗೆದು ಪರೀಕ್ಷಿಸಬೇಕೆಂದು ವೈದ್ಯರು ಹೇಳಿದರೆ, ಮನೆಯವರೆಲ್ಲರೂ ಕಳವಳಪಡುವದುಂಟು. ಅರಿಯದೆ ಒಪ್ಪುವದೂ ಅರಿಯದೆ ನಿರಾಕರಿಸುವದೂ ವಿವೇಕವಲ್ಲ.

1. ಪರೀಕ್ಷೆಯು ಎಂಥದು? 15 ವಾರಗಳು ತುಂಬಿದ ಮೇಲೆ, ಸ್ಕ್ಯಾನ್ ಯಂತ್ರದಲ್ಲಿ ಶಿಶುವನ್ನು ನೋಡುತ್ತಾ, ಸಣ್ಣ ಸೂಜಿಯಿಂದ 15-20 ಮಿಲಿಲೀಟರ್ ಜಲವನ್ನು ತೆಗೆಯುವರು. ಅದರೊಳಗಿನ ಜೀವಕೋಶಗಳಿಂದ ಡೌನ್ ಸಿಂಡ್ರೋಮ್, ಥಲಸೇಮಿಯ ಮುಂತಾದವುಗಳನ್ನು ತಿಳಿಯಬಹುದು.

2. ಅಪಾಯಗಳು ಯಾವವು? ನುರಿತ ಕೈಗಳಲ್ಲಿ ಇದರಿಂದಾಗುವ ಗರ್ಭಪಾತವು ಸಾವಿರಕ್ಕೆ ಸುಮಾರು ಒಂದರಿಂದ ಮೂರು. ಕೆಲವರಿಗೆ ಜಲವು ಸೋರುವದು; ಹೆಚ್ಚಾಗಿ ತಾನೇ ನಿಲ್ಲುವದು. ಸೋಂಕು ಅಪರೂಪ, ಆದರೂ ಕಠಿಣ. 15 ವಾರಗಳಿಗೆ ಮುಂಚೆ ಮಾಡಿದರೆ ಗರ್ಭಪಾತವೂ ಶಿಶುವಿನ ಪಾದ ಸೊಟ್ಟಗಾಗುವದೂ ಹೆಚ್ಚು. ತಾಯಿಯ ರಕ್ತವು ಆರ್‌ಎಚ್ ನೆಗೆಟಿವ್ ಆಗಿದ್ದರೆ ಆ್ಯಂಟಿ-ಡಿ ಚುಚ್ಚುಮದ್ದಿನ ವಿಷಯ ಕೇಳತಕ್ಕದ್ದು. ಪರೀಕ್ಷೆಯ ತರುವಾಯ ಜ್ವರ, ರಕ್ತಸ್ರಾವ, ಜಲ ಸೋರಿಕೆ, ತೀವ್ರ ನೋವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

3. ನಿಯಮವೇನು? ನಲ್ಲೂರಿನ ಹುಣಿಸೇ ತೋಪು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಮುದಿ ಮರಗಳಿಗೇ ಕಾವಲಿದ್ದರೆ ಗರ್ಭದ ಶಿಶುವಿಗೆ ಎಷ್ಟೋ ಹೆಚ್ಚಾಗಿ ಬೇಕಲ್ಲವೋ? 1994ರ ಕಾಯಿದೆಯ ಪ್ರಕಾರ ತಾಯಿಯ ಲಿಖಿತ ಒಪ್ಪಿಗೆಯಿಲ್ಲದೆ ಈ ಪರೀಕ್ಷೆಯನ್ನು ಮಾಡಕೂಡದು. ಶಿಶು ಹೆಣ್ಣೋ ಗಂಡೋ ಎಂದು ತಿಳಿಸುವದು ಅಪರಾಧ. ಹೆಣ್ಣನ್ನು ತಳ್ಳಿಬಿಡಬೇಕೆಂಬ ಎಣಿಕೆಯಾದರೋ ದೇವರ ಮುಂದೆ ಪಾಪವೇ.

ಈ ಪರೀಕ್ಷೆಯು ತಿಳಿಸುವದೇ ಹೊರತು ವಾಸಿಮಾಡುವದಿಲ್ಲ. ಎಲ್ಲಾ ದೋಷಗಳನ್ನೂ ತೋರಿಸುವದಿಲ್ಲ. ಆದದರಿಂದ, ಯಾಕೆ ಬೇಕು, ಫಲವು ತಿಳಿದ ಮೇಲೆ ಏನು ಮಾಡುವೆವು ಎಂದು ಗಂಡಹೆಂಡರು ಮೊದಲೇ ವೈದ್ಯರ ಸಂಗಡ ಮಾತಾಡಿ ಪ್ರಾರ್ಥಿಸಲಿ. ಬಲಹೀನವಾದ ಕೂಸು ಹುಟ್ಟಿದರೆ ನೆರೆಯವರು ತಾಯಿಯನ್ನು ದೂಷಿಸದೆ ಆಕೆಯ ಭಾರವನ್ನು ಹೊರಲಿ.

ಆಲೋಚನೆಗೆ: ಅಂಥ ಮನೆಯು ನಮ್ಮ ಸಭೆಯಲ್ಲಿ ಉಂಟೋ? ನಾವು ಅಲ್ಲಿಗೆ ಹೋದೆವೋ?